ಮೂರು ಯೂನಿಟ್ ತಂದರೂ ಮೇಲಿನ ರೂಮಿಗೆ ವೈಫೈ ಬರ್ತಿಲ್ಲವೇ? ಮನೆಯಲ್ಲಿ ಮೆಶ್ ಕೂರಿಸುವ ಸರಿಯಾದ ಕ್ರಮ

ಮೈಸೂರಿನ ಕುವೆಂಪುನಗರದ ಚಿಕ್ಕಮ್ಮನ ಮನೆಯಿಂದ ಕಳೆದ ವರ್ಷ ಫೋನ್ ಬಂತು. "ಮೂರು ಡಬ್ಬ ತಂದು ಮೂರು ಕಡೆ ಇಟ್ಟಿದ್ದೀವಿ ಕಣೋ. ಆದ್ರೂ ಮೇಲಿನ ರೂಮಲ್ಲಿ ಸುತ್ತುತ್ತಾನೇ ಇರುತ್ತೆ" ಅಂದರು. ಆಮೇಲೆ ಇದೇ ಮಾತನ್ನು ಬೋಗಾದಿಯಿಂದ, ವಿಜಯನಗರದಿಂದ, ಮಂಡ್ಯದ ಗೆಳೆಯನಿಂದಲೂ ಕೇಳಿದೆ. ಎಲ್ಲರೂ ತಂದದ್ದು ಒಳ್ಳೆಯ ಸಾಮಾನೇ. ಮಾಡಿದ ತಪ್ಪೂ ಒಂದೇ: ಎಲ್ಲಿ ನೆಟ್ ಬರುತ್ತಿರಲಿಲ್ಲವೋ ಅಲ್ಲೇ ಯೂನಿಟ್ ಇಟ್ಟಿದ್ದರು.

ಮೆಶ್ ಅಂದರೆ ಮನೆಯ ಹಲವು ಕಡೆ ಇಟ್ಟ ಡಬ್ಬಗಳು ಸೇರಿ ಒಂದೇ ವೈಫೈ ಹರಡುವ ಏರ್ಪಾಡು. ಒಂದೊಂದು ಡಬ್ಬವೂ ಒಂದು ಯೂನಿಟ್, ಮೋಡೆಮ್‌ಗೆ ಕೇಬಲ್‌ನಿಂದ ಜೋಡಿಸಿದ್ದು ಮುಖ್ಯ ಯೂನಿಟ್. ಉಳಿದ ಯೂನಿಟ್ ತಾನಾಗಿ ನೆಟ್ ಹುಟ್ಟಿಸುವುದಿಲ್ಲ. ಹಿಂದಿನ ಯೂನಿಟ್‌ನಿಂದ ಬಂದದ್ದನ್ನು ಹಿಡಿದು ಮುಂದಕ್ಕೆ ಕಳಿಸುತ್ತದೆ, ಅಷ್ಟೆ. ವಿ.ಸಿ. ನಾಲೆಯ ಕೊನೆ ಭಾಗಕ್ಕೆ ನೀರು ಬರುತ್ತಿಲ್ಲವೆಂದು ಒಣಗಿದ ಕಾಲುವೆಗೆ ಮೋಟಾರ್ ಇಳಿಸಿದರೆ ಅದು ಏನನ್ನು ಎತ್ತೀತು? ನೀರು ಇನ್ನೂ ಚೆನ್ನಾಗಿ ಹರಿಯುತ್ತಿರುವ ಕಡೆ ಇಳಿಸಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತ ಇವೆ. ಕ್ರಮ ತಪ್ಪಿಸಬೇಡಿ. ಮಧ್ಯದ ಹಂತದಿಂದ ಶುರು ಮಾಡಿದವರೇ ಹೆಚ್ಚಾಗಿ ಕೈಸೋತು ಕೂರುತ್ತಾರೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಂದು ಲ್ಯಾಪ್‌ಟಾಪ್, ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಚುಚ್ಚುವ ಕಿಂಡಿ) ಇರುವಂಥದ್ದು. ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಗಿಗಾಬಿಟ್ (1000 ಎಂಬಿಪಿಎಸ್) ಲ್ಯಾನ್ ಅಡಾಪ್ಟರ್. ಎರಡು ಮೀಟರ್ ಉದ್ದದ, ಕ್ಯಾಟ್ 6 ಬಗೆಯ ಲ್ಯಾನ್ ಕೇಬಲ್, ಹತ್ತು ಮೀಟರ್ ಉದ್ದದ ಒಂದು ಎಕ್ಸ್‌ಟೆನ್ಷನ್ ಬಾಕ್ಸ್. ಈ ಎಕ್ಸ್‌ಟೆನ್ಷನ್ ಬಾಕ್ಸ್ ಬಹಳ ಮುಖ್ಯ. ಅದಿಲ್ಲದಿದ್ದರೆ ಸಾಕೆಟ್ ಇರುವ ಕಡೆ ಮಾತ್ರ ಯೂನಿಟ್ ಇಟ್ಟು ನೋಡುತ್ತೀರಿ, ಸರಿಯಾದ ಜಾಗ ಸಿಗುವುದೇ ಇಲ್ಲ.

ಆಂಡ್ರಾಯ್ಡ್ ಫೋನಿಗೆ ಸಿಗ್ನಲ್ ಅಳೆಯುವ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ. ಐಫೋನ್ ಆದರೆ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ವೈಫೈ ಸ್ಕ್ಯಾನರ್ ಆನ್ ಮಾಡಿ. ಫೋನಿನ ಮೇಲ್ತುದಿಯ ಗೆರೆಗಳನ್ನು ನಂಬಬೇಡಿ. ಮೂರು ಗೆರೆ ಅಂದರೆ ಎಷ್ಟು ಎಂಬುದು ಫೋನಿನಿಂದ ಫೋನಿಗೆ ಬೇರೆ. ನಮಗೆ ಬೇಕಾದ್ದು ಡಿಬಿಎಂ ಲೆಕ್ಕದ ಅಂಕಿ.

ಈ ಅಂಕಿಯನ್ನು ಓದುವ ಬಗೆ ಇಷ್ಟು. ಅದು ಯಾವಾಗಲೂ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ. ಮೈನಸ್ 50 ತುಂಬಾ ಚೆನ್ನ. ಮೈನಸ್ 67ರವರೆಗೆ ವಿಡಿಯೋ ಕಾಲ್ ನೆಮ್ಮದಿಯಾಗಿ ನಡೆಯುತ್ತದೆ. ಮೈನಸ್ 70 ದಾಟಿದರೆ ತಡವರಿಕೆ ಶುರು, ಮೈನಸ್ 80 ಅಂದರೆ ಹೆಸರಿಗೆ ಮಾತ್ರ ಕನೆಕ್ಷನ್. ಅಂಕಿ 10ರಷ್ಟು ಕುಸಿಯಿತೆಂದರೆ ಸಿಗ್ನಲ್‌ನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯಿತು ಎಂದರ್ಥ. ಆದ್ದರಿಂದ ಮೈನಸ್ 60ಕ್ಕೂ ಮೈನಸ್ 70ಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಹಂತ 1: ತೊಂದರೆ ವೈಫೈಯದೋ, ಲೈನಿನದೋ ನೋಡಿ

ಇಂಟರ್ನೆಟ್ ಕಂಪನಿಯವರು ಕೊಟ್ಟ ಫೈಬರ್ ಮೋಡೆಮ್‌ನ ಲ್ಯಾನ್ ಪೋರ್ಟಿಗೆ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಸುಮಾರಿಗೆ ಒಮ್ಮೆ. ನೀವು ದುಡ್ಡು ಕಟ್ಟಿದ ವೇಗ ಕೇಬಲ್‌ನಲ್ಲೇ ಬರದಿದ್ದರೆ ಮೆಶ್ ತಂದು ಪ್ರಯೋಜನವಿಲ್ಲ. ಮೊದಲು ಕಂಪನಿಯವರಿಗೆ ದೂರು ಕೊಡಿ.

200 ಎಂಬಿಪಿಎಸ್ ಪ್ಲಾನ್ ಇದ್ದೂ ಟೆಸ್ಟ್ 94ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ಕಾರಣ ಲೈನ್ ಅಲ್ಲ. ಆ ಕೇಬಲ್ ಅಥವಾ ಪೋರ್ಟ್ 100 ಎಂಬಿಪಿಎಸ್‌ಗೆ ಇಳಿದಿದೆ. ಲ್ಯಾನ್ ಕೇಬಲ್‌ನ ಒಳಗೆ ಎಂಟು ಎಳೆ ಇರುತ್ತವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು, ನಾಲ್ಕೇ ತಾಗಿದ್ದರೂ ನೆಟ್ ನಡೆಯುತ್ತದೆ, ಆದರೆ 100ಕ್ಕೆ ನಿಲ್ಲುತ್ತದೆ. ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೆ ಪೋರ್ಟ್ ಬದಲಿಸಿ, ಯಾಕೆಂದರೆ ಕೆಲವು ಮೋಡೆಮ್‌ಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ ಇರುತ್ತದೆ.

ಇಲ್ಲೇ ಎರಡು ಎಚ್ಚರಿಕೆ. ಮೋಡೆಮ್ ಹಿಂದೆ ಪಿನ್ ಚುಚ್ಚುವ ಸಣ್ಣ ರೀಸೆಟ್ ತೂತು ಇರುತ್ತದೆ, ಅದನ್ನು ಮುಟ್ಟಬೇಡಿ. ನಾನೊಮ್ಮೆ "ಫ್ರೆಶ್ ಆಗಿ ಶುರು ಮಾಡೋಣ" ಎಂದು ಒತ್ತಿದೆ. ಕಂಪನಿಯವರು ಹಾಕಿದ್ದ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿ, ಅವರ ಹುಡುಗ ಬರುವವರೆಗೆ ಎರಡು ದಿನ ಮನೆಗೆ ನೆಟ್ ಇರಲಿಲ್ಲ. ಇನ್ನೊಂದು: ತೆಳ್ಳಗಿನ ಫೈಬರ್ ವೈರನ್ನು ಮೊಳೆ ಹೊಡೆದು ಮಡಚಬೇಡಿ, ಅದರ ತುದಿಯನ್ನು ಬಿಚ್ಚಿ ಬೆರಳಿನಿಂದ ಮುಟ್ಟಬೇಡಿ, ಕಣ್ಣಿಟ್ಟು ನೋಡಲೂಬೇಡಿ. ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಹಂತ 2: ಮನೆಯ ನಕ್ಷೆ ಬರೆದು, ಅಳೆದು, ಗುರುತು ಹಾಕಿ

ಒಂದು ಹಾಳೆಯಲ್ಲಿ ಕೆಳಗಿನ ಮನೆ, ಇನ್ನೊಂದರಲ್ಲಿ ಮಹಡಿ. ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ. ಗೋಡೆ, ಬಾಗಿಲು, ಮೆಟ್ಟಿಲು, ಫ್ರಿಜ್, ಸ್ಟೀಲ್ ಬೀರು, ಕನ್ನಡಿ ಹಾಕಿದ ವಾರ್ಡ್‌ರೋಬ್ ಇವಿಷ್ಟನ್ನು ಗುರುತಿಸಿ. ಈಗ ಹಳೆ ವೈಫೈನಲ್ಲೇ ಪ್ರತಿ ಕೋಣೆಯಲ್ಲಿ ನಿಂತು, ನೀವು ನಿಜವಾಗಿ ಫೋನ್ ಹಿಡಿದು ಕೂರುವ ಜಾಗದಲ್ಲಿ, 5 ಗಿಗಾಹರ್ಟ್ಸ್ ಸಿಗ್ನಲ್‌ನ (ವೈಫೈನ 2.4, 5 ಎಂಬ ಎರಡು ಬ್ಯಾಂಡ್‌ಗಳಲ್ಲಿ ವೇಗದ್ದು) ಅಂಕಿ ಬರೆದುಕೊಳ್ಳಿ. ಹದಿನೈದು ನಿಮಿಷದ ಕೆಲಸ. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಹಾಳೆಯೇ ಆಧಾರ.

ನಮ್ಮ ಮೈಸೂರಿನ ಮನೆಗಳಲ್ಲಿ ಸಿಗ್ನಲ್ ನುಂಗುವವು ಯಾವುವು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಒಳಗಿನ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ದೊಡ್ಡ ಅಡ್ಡಿಯಲ್ಲ. ಒಂಬತ್ತು ಇಂಚಿನ ಗೋಡೆ ಎರಡು ಸಿಕ್ಕರೆ 5 ಗಿಗಾಹರ್ಟ್ಸ್ ಸುಸ್ತಾಗುತ್ತದೆ. ಎಲ್ಲಕ್ಕಿಂತ ಗಟ್ಟಿ ಅಡ್ಡಿ ಅಂದರೆ ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ ತಾರಸಿ. ಕೆಳಗಿನ ಹಾಲ್‌ನಲ್ಲಿ ಮೈನಸ್ 45 ಇರುವ ಸಿಗ್ನಲ್ ನೇರ ಮೇಲಿನ ರೂಮಿನಲ್ಲಿ ಮೈನಸ್ 75ಕ್ಕೆ ಬಿದ್ದಿರುವುದನ್ನು ನಾನು ನೋಡಿದ್ದೇನೆ.

ಅಗ್ರಹಾರ, ಕೋಟೆ ಸುತ್ತಮುತ್ತಲ ಹಳೆ ಮನೆಗಳ ಕಥೆ ಬೇರೆ. ಅಲ್ಲಿ ಗಾರೆ ಗೋಡೆ ಒಂದೂವರೆ ಅಡಿ ದಪ್ಪವಿರಬಹುದು. ಗೋಡೆ ದಾಟಿಸುವ ಆಸೆ ಬಿಟ್ಟು ಬಾಗಿಲುಗಳ ಸಾಲನ್ನು ಹಿಡಿಯಿರಿ. ಹಳೆ ಮನೆಗಳಲ್ಲಿ ಬೀದಿಬಾಗಿಲಿನಿಂದ ಹಿತ್ತಲಿನವರೆಗೆ ಬಾಗಿಲುಗಳು ನೇರ ಸಾಲಿನಲ್ಲಿ ಇರುವುದುಂಟು. ಆ ಸಾಲೇ ನಿಮ್ಮ ದಾರಿ. ಮಂಡ್ಯದ ಕಡೆ ತೊಟ್ಟಿಮನೆ ಇದ್ದವರಿಗೆ ನಡುವಿನ ತೊಟ್ಟಿಯೇ ದೊಡ್ಡ ಅನುಕೂಲ. ಅಂಗಳದ ಕಡೆ ಮುಖ ಮಾಡಿ ಜಗಲಿಯ ಒಳಭಾಗದಲ್ಲಿ ಒಂದು ಯೂನಿಟ್ ಇಟ್ಟರೆ ನಾಲ್ಕೂ ಕಡೆಗೆ ಹರಡುತ್ತದೆ. ಇರಚಲು ಬಡಿಯದ ಜಾಗ ನೋಡಿಕೊಳ್ಳಿ.

ನೀರು ತುಂಬಿದ ಟ್ಯಾಂಕು, ಮೀನಿನ ತೊಟ್ಟಿ, ಲೋಹದ ಬೀರು, ದೊಡ್ಡ ಕನ್ನಡಿ ಇವು ಒಂದೋ ಸಿಗ್ನಲ್ ಹೀರುತ್ತವೆ, ಇಲ್ಲವೇ ತಿರುಗಿಸಿ ಕಳಿಸುತ್ತವೆ. ನಮ್ಮ ಮನೆಯಲ್ಲೇ ಒಂದು ದಸರಾಗೆ ಮಹಡಿಯ ನೆಟ್ ಇದ್ದಕ್ಕಿದ್ದ ಹಾಗೆ ಕುಂಟತೊಡಗಿತು. ಯಾವ ಸೆಟ್ಟಿಂಗೂ ಬದಲಾಗಿರಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾದದ್ದು, ಗೊಂಬೆ ಕೂರಿಸಲು ತಂದ ಸ್ಟೀಲ್ ಮೆಟ್ಟಿಲಿನ ಸ್ಟ್ಯಾಂಡು ಮುಖ್ಯ ಯೂನಿಟ್‌ಗೂ ಮಹಡಿ ಮೆಟ್ಟಿಲಿಗೂ ನಡುವೆ ಗೋಡೆಯಂತೆ ನಿಂತಿತ್ತು. ಯೂನಿಟ್ಟನ್ನು ಸ್ಟ್ಯಾಂಡಿಗಿಂತ ಎತ್ತರದ ಶೆಲ್ಫಿಗೆ ಏರಿಸಿದ ತಕ್ಷಣ ಸರಿಹೋಯಿತು.

ನಕ್ಷೆ ಬರೆಯುವಾಗಲೇ ಇನ್ನೊಂದನ್ನು ಹುಡುಕಿ: ಗೋಡೆಯೊಳಗೆ ಟಿ.ವಿ. ಕೇಬಲ್‌ಗೆಂದು ಹಾಕಿಸಿದ ಪೈಪ್. ಹಾಲ್‌ನಿಂದ ಬೆಡ್‌ರೂಮಿಗೆ, ಅಲ್ಲಿಂದ ತಾರಸಿಗೆ ಅದು ಹೋಗಿರುತ್ತದೆ. ಏಳನೇ ಹಂತದಲ್ಲಿ ಅದು ಚಿನ್ನದಷ್ಟು ಬೆಲೆಬಾಳುತ್ತದೆ.

ಹಂತ 3: ಎಷ್ಟು ಯೂನಿಟ್, ಯಾವ ಬಗೆಯದು

ಒಂದೇ ಅಂತಸ್ತಿನ ಸಣ್ಣ ಮನೆಗೆ ಮೆಶ್ಶೇ ಬೇಡದಿರಬಹುದು. ಮೂಲೆಯಲ್ಲಿರುವ ಮೋಡೆಮ್ಮಿನಿಂದ ಒಂದು ಕೇಬಲ್ ಎಳೆದು ಮನೆಯ ನಡುವೆ ಒಂದು ಒಳ್ಳೆಯ ರೂಟರ್ ಇಟ್ಟರೆ ಸಾಕು. ಮೂವತ್ತು-ನಲವತ್ತರ ಡ್ಯೂಪ್ಲೆಕ್ಸ್‌ಗೆ ಎರಡು ಯೂನಿಟ್. ನಲವತ್ತು-ಅರವತ್ತರ ಎರಡಂತಸ್ತಿಗೆ ಅಥವಾ ತಾರಸಿ ಮೇಲೆ ರೂಮಿದ್ದರೆ ಮೂರು. ಅಂಗಡಿಯವರು "ಇರಲಿ ಬಿಡಿ ಸರ್" ಎಂದು ಇನ್ನೊಂದು ಸೇರಿಸಿದರೆ ಬೇಡವೆನ್ನಿ. ಯೂನಿಟ್ ಹೆಚ್ಚಾದರೆ ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತದೆ, ಫೋನು ಯಾವುದಕ್ಕೆ ಅಂಟಿಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತದೆ.

ಡ್ಯುಯಲ್ ಬ್ಯಾಂಡ್ (2.4, 5 ಎಂದು ಎರಡೇ ರೇಡಿಯೋ ಇರುವ) ಯೂನಿಟ್‌ಗಳು ವೈರ್ ಇಲ್ಲದೆ ಕೆಲಸ ಮಾಡುವಾಗ ನಿಮ್ಮ ಫೋನಿನ ಜೊತೆಗೂ, ಮುಖ್ಯ ಯೂನಿಟ್ ಜೊತೆಗೂ ಒಂದೇ ರೇಡಿಯೋದಲ್ಲಿ ಮಾತಾಡುತ್ತವೆ. ಒಂದೇ ಸಲಕ್ಕೆ ಎರಡೂ ಆಗದ ಕಾರಣ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಟ್ರೈ ಬ್ಯಾಂಡ್‌ನಲ್ಲಿ ಯೂನಿಟ್‌ಗಳ ನಡುವಿನ ಮಾತಿಗೆ ಒಂದು ಹೆಚ್ಚುವರಿ ರೇಡಿಯೋ ಇರುತ್ತದೆ, ಬೆಲೆಯೂ ಹೆಚ್ಚು. ಯೂನಿಟ್‌ಗಳ ನಡುವೆ ಕೇಬಲ್ ಎಳೆಯಲು ಸಾಧ್ಯವಿದ್ದರೆ ವೈಫೈ 6 ಪೀಳಿಗೆಯ ಡ್ಯುಯಲ್ ಬ್ಯಾಂಡ್ ಯೂನಿಟ್ ಧಾರಾಳವಾಯಿತು. ಸಾಧ್ಯವೇ ಇಲ್ಲದಿದ್ದರೆ ಮಾತ್ರ ಟ್ರೈ ಬ್ಯಾಂಡ್‌ಗೆ ದುಡ್ಡು ಹಾಕಿ. ಹಿಂದೆ ಗಿಗಾಬಿಟ್ ಲ್ಯಾನ್ ಪೋರ್ಟ್ ಇಲ್ಲದ ಯೂನಿಟ್ ಎಷ್ಟೇ ಅಗ್ಗವಾದರೂ ಬೇಡ.

ಎಲ್ಲ ಯೂನಿಟ್‌ಗಳೂ ಒಂದೇ ಕಂಪನಿಯ ಒಂದೇ ಸಾಲಿನವಾಗಿರಲಿ. ಬೇರೆ ಬೇರೆ ಕಂಪನಿಯವು ಸಾಮಾನ್ಯವಾಗಿ ಒಂದರ ಜೊತೆ ಇನ್ನೊಂದು ಕೂಡಿಕೊಳ್ಳುವುದಿಲ್ಲ.

ಹಂತ 4: ಮೋಡೆಮ್ ಮತ್ತು ಮೆಶ್, ಯಜಮಾನ ಯಾರು ಎಂದು ತೀರ್ಮಾನಿಸಿ

ಕಂಪನಿಯವರು ಕೊಟ್ಟ ಫೈಬರ್ ಮೋಡೆಮ್ಮೇ ಒಂದು ರೂಟರ್. ನೀವು ತಂದ ಮೆಶ್ ಕೂಡ ರೂಟರ್. ಎರಡೂ ತಾನೇ ಯಜಮಾನ ಎಂದು ಮನೆಯ ಸಾಧನಗಳಿಗೆ ವಿಳಾಸ ಹಂಚಲು ಹೊರಟರೆ ಮನೆಯೊಳಗೆ ಎರಡು ಬೇರೆ ಬೇರೆ ನೆಟ್‌ವರ್ಕ್ ಆಗುತ್ತವೆ. ಇದಕ್ಕೆ ಡಬಲ್ ನ್ಯಾಟ್ ಎನ್ನುತ್ತಾರೆ. ಮೋಸ ಎಂದರೆ, ಹೀಗಿದ್ದರೂ ಯೂಟ್ಯೂಬ್, ವಾಟ್ಸಾಪ್ ಚೆನ್ನಾಗಿಯೇ ನಡೆಯುತ್ತವೆ. ಫೋನಿನಿಂದ ಟಿ.ವಿ.ಗೆ ಕಾಸ್ಟ್ ಮಾಡಲು ಹೋದಾಗ ಟಿ.ವಿ. ಸಿಗುವುದಿಲ್ಲ, ಪ್ರಿಂಟರ್ ಕಾಣೆಯಾಗುತ್ತದೆ, ಆನ್‌ಲೈನ್ ಗೇಮ್ ಕೈಕೊಡುತ್ತದೆ.

ಪತ್ತೆ ಹಚ್ಚುವುದು ಸುಲಭ. ಮೆಶ್ ಆ್ಯಪ್‌ನಲ್ಲಿ ಇಂಟರ್ನೆಟ್ ಐಪಿ ಎಂದು ಒಂದು ಸಂಖ್ಯೆ ಇರುತ್ತದೆ. ಮೆಶ್ ರೂಟರ್ ಆಗಿ ಕೆಲಸ ಮಾಡುತ್ತಿರುವಾಗ ಅದು 192.168 ಎಂದು ಶುರುವಾದರೆ ಡಬಲ್ ನ್ಯಾಟ್ ಇದೆ ಎಂದೇ ತಿಳಿಯಿರಿ. ಪರಿಹಾರ ಎರಡು, ಒಂದನ್ನು ಮಾತ್ರ ಆರಿಸಿ.

ಮೊದಲನೆಯದು, ಮೆಶ್ಶನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕುವುದು. ಉದಾಹರಣೆಗೆ ಟಿಪಿ-ಲಿಂಕ್ ಡೆಕೊ ಆ್ಯಪ್‌ನಲ್ಲಿ ಆಪರೇಷನ್ ಮೋಡ್ ಎಂಬ ಆಯ್ಕೆಯಲ್ಲಿ ಇದು ಸಿಗುತ್ತದೆ. ಆಗ ಮೋಡೆಮ್ಮೇ ಯಜಮಾನ, ಮೆಶ್ ವೈಫೈ ಹರಡುವ ಕೆಲಸವನ್ನಷ್ಟೇ ಮಾಡುತ್ತದೆ. ಮಕ್ಕಳ ಬಳಕೆಗೆ ಸಮಯ ನಿಗದಿ ಮಾಡುವಂಥ ಕೆಲವು ಸೌಲಭ್ಯ ಇದರಲ್ಲಿ ಹೋಗಬಹುದು. ಆದರೂ ಹೊಸಬರಿಗೆ ನಾನು ಹೇಳುವುದು ಇದನ್ನೇ, ಕೆಡುವ ಸಂಭವ ಕಡಿಮೆ.

ಎರಡನೆಯದು, ಮೋಡೆಮ್ಮನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಲೈನನ್ನು ಹಾಗೇ ದಾಟಿಸುವಂತೆ) ಹಾಕಿಸಿ ಮೆಶ್ಶನ್ನು ಯಜಮಾನ ಮಾಡುವುದು. ಇದಕ್ಕೆ ಕಂಪನಿಯವರಿಗೆ ಫೋನ್ ಮಾಡಬೇಕು, ಪಿಪಿಪಿಓಇ (ಕಂಪನಿಯ ಲೈನಿಗೆ ಲಾಗಿನ್ ಆಗುವ) ಯೂಸರ್‌ನೇಮ್, ಪಾಸ್‌ವರ್ಡ್ ಇದ್ದರೆ ಬರೆದುಕೊಂಡು ಮೆಶ್‌ನಲ್ಲಿ ಹಾಕಬೇಕು. ಮೋಡೆಮ್‌ಗೆ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ದರೆ ಬ್ರಿಡ್ಜ್ ಮಾಡಿದ ಮೇಲೂ ಅದು ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿರುವ ಅಜ್ಜ-ಅಜ್ಜಿಗೆ ಆ ಫೋನೇ ಆಧಾರವಾಗಿರುತ್ತದೆ.

ಯಾವುದನ್ನೇ ಆರಿಸಿದರೂ ಮೋಡೆಮ್‌ನ ಸ್ವಂತ ವೈಫೈ ಆಫ್ ಆಗಬೇಕು. ಸಾಮಾನ್ಯವಾಗಿ ಬ್ರೌಸರ್‌ನಲ್ಲಿ 192.168.1.1 ಹೊಡೆದು, ಮೋಡೆಮ್‌ನ ಕೆಳಗೆ ಅಂಟಿಸಿರುವ ಚೀಟಿಯ ಪಾಸ್‌ವರ್ಡ್‌ನಿಂದ ಒಳಹೋಗಿ ಎರಡೂ ಬ್ಯಾಂಡ್ ಆಫ್ ಮಾಡಬಹುದು. ಆಫ್ ಮಾಡದೆ ಬಿಟ್ಟರೆ ಫೋನುಗಳು ಹಳೆ ಹೆಸರಿಗೇ ಹೋಗಿ ಅಂಟಿಕೊಳ್ಳುತ್ತವೆ, ನೀವು ಮೆಶ್ಶನ್ನು ಬೈಯುತ್ತೀರಿ.

ಹಂತ 5: ಎಲ್ಲ ಯೂನಿಟ್‌ಗಳನ್ನೂ ಒಂದೇ ಕೋಣೆಯಲ್ಲಿ ಜೋಡಿಸಿ

ಎಲ್ಲವನ್ನೂ ಮೋಡೆಮ್ ಇರುವ ಕೋಣೆಯಲ್ಲೇ, ನಾಲ್ಕೈದು ಅಡಿ ಅಂತರದಲ್ಲಿ ಇಟ್ಟು ಆ್ಯಪ್ ಹೇಳಿದಂತೆ ಒಂದೊಂದಾಗಿ ಸೇರಿಸಿ. ನೇರವಾಗಿ ಮಹಡಿಗೆ ಒಯ್ದು ಅಲ್ಲಿಂದ ಸೇರಿಸಲು ಹೋದರೆ ಅರ್ಧಕ್ಕೆ ನಿಲ್ಲುತ್ತದೆ. ಸೇರಿದ ಮೇಲೆ ಎಲ್ಲದರ ಫರ್ಮ್‌ವೇರ್ (ಯೂನಿಟ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಆ ಹೊತ್ತಿನಲ್ಲಿ ಯಾರೂ ಸ್ವಿಚ್ ಆರಿಸದಂತೆ ನೋಡಿಕೊಳ್ಳಿ. ಯೂನಿಟ್‌ಗಳ ಬೆನ್ನಿಗೆ ಹಾಲ್, ಮೆಟ್ಟಿಲು, ತಾರಸಿ ಎಂದು ಪೆನ್ನಿನಲ್ಲಿ ಬರೆದ ಚೀಟಿ ಅಂಟಿಸಿ, ಆ್ಯಪ್‌ನಲ್ಲೂ ಅದೇ ಹೆಸರು ಕೊಡಿ.

ಹಂತ 6: ಜಾಗ ಹುಡುಕುವುದು

ಇಡೀ ಕೆಲಸದ ಜೀವಾಳ ಇದು. ಒಂದು ಭಾನುವಾರದ ಬೆಳಿಗ್ಗೆಯನ್ನೇ ಇದಕ್ಕೆ ಕೊಡಿ.

ಮೊದಲು ಮುಖ್ಯ ಯೂನಿಟ್. ನಮ್ಮ ಕಡೆ ಫೈಬರ್ ಬೀದಿಯ ಕಂಬದಿಂದ ಇಳಿದು ಮುಂದಿನ ಕಿಟಕಿಯಿಂದ ಒಳಗೆ ಬರುತ್ತದೆ. ಹುಡುಗರು ಮೋಡೆಮ್ಮನ್ನು ಅಲ್ಲೇ, ಚಪ್ಪಲಿ ಸ್ಟ್ಯಾಂಡಿನ ಮೇಲೋ ಟಿ.ವಿ. ಹಿಂದೆಯೋ ಕೂರಿಸಿ ಹೋಗುತ್ತಾರೆ. ಮೋಡೆಮ್ ಅಲ್ಲೇ ಇರಲಿ. ಮುಖ್ಯ ಯೂನಿಟ್ಟನ್ನು ಐದು ಹತ್ತು ಮೀಟರ್ ಕೇಬಲ್ ಹಾಕಿ ಮನೆಯ ನಡುವಿಗೆ, ಸಾಧ್ಯವಾದರೆ ಮೆಟ್ಟಿಲ ಬುಡಕ್ಕೆ ತನ್ನಿ. ಇದೊಂದನ್ನೇ ಮಾಡಿದರೂ ಎಷ್ಟೋ ಮನೆಗಳ ಅರ್ಧ ಸಮಸ್ಯೆ ಮುಗಿಯುತ್ತದೆ.

ಈಗ ಎರಡನೇ ಯೂನಿಟ್. ಅದನ್ನು ಆಫ್ ಮಾಡಿ ಬದಿಗಿಡಿ. ಆನ್ ಇದ್ದರೆ ಫೋನು ಅದರ ಸಿಗ್ನಲ್ಲನ್ನೇ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮುಖ್ಯ ಯೂನಿಟ್ ಮಾತ್ರ ಉರಿಯುತ್ತಿರುವಾಗ ಫೋನ್ ಹಿಡಿದು, ನೆಟ್ ಬಾರದ ರೂಮಿನ ಕಡೆಗೆ ನಿಧಾನವಾಗಿ ನಡೆಯಿರಿ. 5 ಗಿಗಾಹರ್ಟ್ಸ್ ಅಂಕಿ ಮೈನಸ್ 55ರಿಂದ 65ರ ನಡುವೆ ಬಂದ ಜಾಗದಲ್ಲಿ ನಿಲ್ಲಿ. ಎರಡನೇ ಯೂನಿಟ್‌ನ ಜಾಗ ಅದು. ಮೈನಸ್ 70 ಆಗಿಬಿಟ್ಟಿದ್ದರೆ ಮುಂದೆ ಹೋಗಿಬಿಟ್ಟಿದ್ದೀರಿ, ಹಿಂದಕ್ಕೆ ಬನ್ನಿ. ಮೈನಸ್ 45 ಇದ್ದರೆ ತೀರಾ ಹತ್ತಿರ, ಯೂನಿಟ್ ದಂಡ.

ಚಿಕ್ಕಮ್ಮನ ಮನೆಯಲ್ಲಿ ಆದದ್ದು ಇಷ್ಟೇ. ಮಹಡಿಯ ಬೆಡ್‌ರೂಮಿನ ಮೇಜಿನ ಮೇಲೆ ಯೂನಿಟ್ ಇತ್ತು. ಫೋನಿನಲ್ಲಿ ಫುಲ್ ಗೆರೆ, ಆದರೆ ವಿಡಿಯೋ ಸುತ್ತುತ್ತಿತ್ತು. ಫೋನಿಗೂ ಯೂನಿಟ್‌ಗೂ ನಡುವಿನ ಸಿಗ್ನಲ್ ಚೆನ್ನಾಗಿತ್ತು, ಯೂನಿಟ್‌ಗೂ ಕೆಳಗಿನ ಹಾಲ್‌ಗೂ ನಡುವಿನದು ಸತ್ತಿತ್ತು. ಆ ಮೇಜಿನ ಬಳಿ ಮುಖ್ಯ ಯೂನಿಟ್‌ನ ಅಂಕಿ ಮೈನಸ್ 78. ಎಕ್ಸ್‌ಟೆನ್ಷನ್ ಬಾಕ್ಸ್ ಹಿಡಿದು ಮೆಟ್ಟಿಲು ತಿರುಗುವ ಕಟ್ಟೆಯ ಮೇಲೆ ಯೂನಿಟ್ ಇಟ್ಟೆವು, ಅಲ್ಲಿ ಮೈನಸ್ 58. ಬೆಡ್‌ರೂಮಿನ ಮೇಜಿನ ಮೇಲೆ ಫೋನಿನ ಗೆರೆ ಒಂದು ಕಡಿಮೆಯಾಯಿತು, ಆದರೆ ವಿಡಿಯೋ ನಿಲ್ಲದೆ ಓಡಿತು. "ಗೆರೆ ಕಮ್ಮಿ ಆಯ್ತಲ್ಲೋ" ಎಂದು ಚಿಕ್ಕಮ್ಮ ಅನುಮಾನದಿಂದಲೇ ನೋಡಿದರು. ಗೆರೆಗಳು ಹೇಳುವುದು ಫೋನಿಗೂ ಹತ್ತಿರದ ಯೂನಿಟ್‌ಗೂ ಇರುವ ಸಂಬಂಧವನ್ನು ಮಾತ್ರ ಎಂದು ತಿಳಿಸಿ ಹೇಳಬೇಕಾಯಿತು. ಮೂರನೇ ಯೂನಿಟ್ ಬೇಕಾಗಲೇ ಇಲ್ಲ. ಅದು ಈಗ ಅವರ ಮಗಳ ಮನೆಯಲ್ಲಿದೆ.

ಮೆಟ್ಟಿಲನ್ನು ಯಾಕೆ ಇಷ್ಟು ಹೇಳುತ್ತೇನೆಂದರೆ, ಕಾಂಕ್ರೀಟ್ ತಾರಸಿಯಲ್ಲಿ ತೆರೆದ ಜಾಗ ಅದೊಂದೇ. ಸಿಗ್ನಲ್ ಮೇಲೇರಲು ಅದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ.

ಮೂರನೇ ಯೂನಿಟ್ ಬೇಕಾದರೆ ಆದಷ್ಟೂ ಅದು ಮುಖ್ಯ ಯೂನಿಟ್‌ಗೇ ನೇರವಾಗಿ ಜೋಡಿಕೊಳ್ಳುವಂತೆ ಜಾಗ ಹುಡುಕಿ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಎಂದು ಸರಪಳಿ ಮಾಡಿದರೆ ಪ್ರತಿ ಜಿಗಿತಕ್ಕೂ ವೇಗ ಸೋರುತ್ತದೆ.

ಎತ್ತರ ನೆಲದಿಂದ ನಾಲ್ಕರಿಂದ ಆರು ಅಡಿ ಇರಲಿ. ಫ್ರಿಜ್ ಮೇಲೆ, ಶೋಕೇಸ್ ಒಳಗೆ, ಟಿ.ವಿ. ಬೆನ್ನಿಗೆ, ಮೈಕ್ರೋವೇವ್ ಪಕ್ಕದಲ್ಲಿ ಇಡಬೇಡಿ. ಓವನ್ ಉರಿಯುವಾಗ 2.4 ಗಿಗಾಹರ್ಟ್ಸ್‌ಗೆ ತೊಂದರೆ ಕೊಡುತ್ತದೆ. ದೇವರಮನೆಯ ದೀಪದ ಮೇಲಿನ ಶೆಲ್ಫೂ ಬೇಡ, ಶಾಖಕ್ಕೆ ಯೂನಿಟ್ ಕಾಯುತ್ತದೆ, ಎಣ್ಣೆ ಹೊಗೆಗೆ ಅದರ ಗಾಳಿಕಿಂಡಿ ಮುಚ್ಚಿಹೋಗುತ್ತದೆ.

ಹಂತ 7: ಸಾಧ್ಯವಿದ್ದರೆ ಯೂನಿಟ್‌ಗಳ ನಡುವೆ ಕೇಬಲ್ ಎಳೆಯಿರಿ

ಯೂನಿಟ್‌ಗಳ ನಡುವೆ ಲ್ಯಾನ್ ಕೇಬಲ್ ಹೋದರೆ ಮೇಲಿನ ಹಂತದ ಲೆಕ್ಕ ಬದಲಾಗುತ್ತದೆ. ಆಗ ಮಾತ್ರ ಯೂನಿಟ್ಟನ್ನು ನೆಟ್ ಬಾರದ ರೂಮಿನಲ್ಲೇ ಇಡಬಹುದು, ಯಾಕೆಂದರೆ ನೀರು ಪೈಪಿನಲ್ಲೇ ಅಲ್ಲಿಗೆ ಬಂದಿರುತ್ತದೆ.

ಎರಡನೇ ಹಂತದಲ್ಲಿ ಹುಡುಕಿದ ಟಿ.ವಿ. ಪೈಪ್ ಈಗ ಕೆಲಸಕ್ಕೆ ಬರುತ್ತದೆ. ಒಳಗಿನ ಹಳೆ ಡಿಶ್ ಕೇಬಲ್ ಬೇಡವಾಗಿದ್ದರೆ ಅದರ ತುದಿಗೆ ಕ್ಯಾಟ್ 6 ಕೇಬಲ್ಲನ್ನು ಟೇಪಿನಿಂದ ಬಿಗಿಯಾಗಿ ಸುತ್ತಿ, ಒಬ್ಬರು ಮೇಲಿನಿಂದ ಎಳೆಯಿರಿ, ಒಬ್ಬರು ಕೆಳಗಿನಿಂದ ತಳ್ಳಿ. ತುದಿಗೆ ಕ್ಲಿಪ್ (ಪೋರ್ಟಿಗೆ ಚುಚ್ಚುವ ಪ್ಲಾಸ್ಟಿಕ್ ತಲೆ) ಹಾಕುವ ಮೊದಲೇ ಎಳೆಯಬೇಕು. 230 ವೋಲ್ಟ್ ಕರೆಂಟ್ ವೈರ್ ಇರುವ ಪೈಪಿನಲ್ಲಿ ಲ್ಯಾನ್ ಕೇಬಲ್ ತೂರಿಸಬೇಡಿ, ಅದು ಜೀವಕ್ಕೇ ಅಪಾಯ. ಕೊಳ್ಳುವಾಗ ಪೂರ್ತಿ ತಾಮ್ರದ ಕೇಬಲ್ ಕೇಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬೆಂಡಾದ ಕಡೆ ಮುರಿಯುತ್ತದೆ.

ತುದಿಗೆ ಕ್ಲಿಪ್ ಹಾಕುವಾಗ ಎರಡೂ ಕಡೆ ಒಂದೇ ಬಣ್ಣದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೇಬಲ್‌ನ ಉದ್ದ 100 ಮೀಟರ್ ಮೀರಬಾರದು.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಮೆಶ್ ರೂಟರ್ ಮೋಡ್‌ನಲ್ಲಿದ್ದರೆ, ಅಂದರೆ ಅದೇ ಯಜಮಾನನಾಗಿದ್ದರೆ, ಎರಡನೇ ಯೂನಿಟ್‌ನ ಕೇಬಲ್ ಮುಖ್ಯ ಯೂನಿಟ್‌ನಿಂದಲೇ ಹೊರಡಬೇಕು. ಮೋಡೆಮ್‌ನಲ್ಲಿ ಪೋರ್ಟ್ ಖಾಲಿ ಇದೆಯಲ್ಲ ಎಂದು ಅಲ್ಲಿಂದ ಎಳೆದರೆ ಆ ಯೂನಿಟ್ ಮುಖ್ಯ ಯೂನಿಟ್ಟನ್ನು ದಾಟಿಕೊಂಡು ಬೇರೆ ನೆಟ್‌ವರ್ಕಿಗೆ ಸೇರುತ್ತದೆ, ಇಡೀ ಮನೆಯ ನೆಟ್ ಗಳಿಗೆಗೊಮ್ಮೆ ಬಿದ್ದೇಳುತ್ತದೆ. ಮುಖ್ಯ ಯೂನಿಟ್‌ನಲ್ಲಿ ಪೋರ್ಟ್ ಸಾಲದಿದ್ದರೆ ಅದರ ಲ್ಯಾನ್ ಪೋರ್ಟಿಗೆ ಒಂದು ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ (ಪೋರ್ಟ್ ಹೆಚ್ಚಿಸುವ ಸಣ್ಣ ಡಬ್ಬ) ಹಾಕಿ.

ಗೋಡೆಯ ಹೊರಗಿನಿಂದ ಕೇಬಲ್ ಎಳೆಯುವುದಾದರೆ ಪಿವಿಸಿ ಪೈಪಿನೊಳಗೆ ಹಾಕಿಸಿ. ಬಿಸಿಲು ಒಂದು ಕಡೆ, ಅಳಿಲು ಇನ್ನೊಂದು ಕಡೆ, ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳಲ್ಲಿ ಕೋತಿಗಳೂ ಸೇರಿ ಬರಿಯ ಕೇಬಲ್ ಬಹಳ ದಿನ ಉಳಿಯುವುದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬರುವ ಮೊದಲೇ ಹೊರಗಿನಿಂದ ಹಾದುಬಂದ ಲ್ಯಾನ್ ಕೇಬಲ್ಲನ್ನು ಎರಡೂ ತುದಿಯಲ್ಲಿ ಕಿತ್ತಿಡಿ. ಫೈಬರ್‌ನ ಗಾಜಿನ ಎಳೆಯಲ್ಲಿ ಮಿಂಚಿನ ವಿದ್ಯುತ್ ಹರಿಯದು, ತಾಮ್ರದ ಕೇಬಲ್‌ನಲ್ಲಿ ಹರಿಯುತ್ತದೆ.

ಮಂಡ್ಯ, ಶ್ರೀರಂಗಪಟ್ಟಣದ ಕಡೆಯ ಓದುಗರು ಊರ ಮನೆಯಿಂದ ತೋಟದ ಮನೆಗೆ ಮೆಶ್ ಹಾಕಬಹುದೇ ಎಂದು ಕೇಳುತ್ತಿರುತ್ತಾರೆ. ದಯವಿಟ್ಟು ಬೇಡ. ಮನೆಯೊಳಗಿನ ಮೆಶ್ ಯೂನಿಟ್ ಅಷ್ಟು ದೂರಕ್ಕಲ್ಲ. ಎದುರುಬದುರು ಕಾಣುವಂತೆ ಕಂಬಕ್ಕೆ ಕಟ್ಟುವ ಹೊರಾಂಗಣ ಪಾಯಿಂಟ್-ಟು-ಪಾಯಿಂಟ್ ಜೋಡಿ ಬೇರೆಯೇ ಸಿಗುತ್ತದೆ, ಅದನ್ನು ಹಾಕಿಸಿ. ನಡುವೆ ತೆಂಗಿನ ಸಾಲು ಅಡ್ಡ ಬಂದರೆ ಅದೂ ಸೋಲುತ್ತದೆ, ಮೊದಲು ತಾರಸಿ ಮೇಲೆ ನಿಂತು ಕಣ್ಣಳತೆ ನೋಡಿ.

ಹಂತ 8: ಹೆಸರು, ಪಾಸ್‌ವರ್ಡ್, ಚಾನೆಲ್

ಹಳೆ ವೈಫೈನ ಹೆಸರು, ಪಾಸ್‌ವರ್ಡನ್ನೇ ಮೆಶ್‌ಗೂ ಕೊಟ್ಟರೆ ಟಿ.ವಿ., ಕ್ಯಾಮೆರಾ ಯಾವುದನ್ನೂ ಮತ್ತೆ ಜೋಡಿಸಬೇಕಿಲ್ಲ. ಆದರೆ ಮೋಡೆಮ್‌ನ ವೈಫೈ ಆಫ್ ಮಾಡಿದ ಮೇಲಷ್ಟೇ ಹೀಗೆ ಮಾಡಿ.

ಸ್ಮಾರ್ಟ್ ಪ್ಲಗ್, ಅಗ್ಗದ ಸಿಸಿಟಿವಿ ಕ್ಯಾಮೆರಾಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ಅವು ಜೋಡಿಸಿಕೊಳ್ಳಲು ಹಟ ಮಾಡಿದರೆ ಆ್ಯಪ್‌ನಲ್ಲಿ 5 ಗಿಗಾಹರ್ಟ್ಸನ್ನು ಐದು ನಿಮಿಷ ಆಫ್ ಮಾಡಿ ಜೋಡಿಸಿ, ಆಮೇಲೆ ಆನ್ ಮಾಡಿ. ಆಗಲೂ ಆಗದಿದ್ದರೆ ಡಬ್ಲ್ಯುಪಿಎ3 ಮಾತ್ರ ಎಂದಿರುವ ಭದ್ರತೆಯನ್ನು ಡಬ್ಲ್ಯುಪಿಎ2 ಕೂಡ ಒಪ್ಪುವಂತೆ ಬದಲಿಸಿ.

ಚಾನೆಲ್ (ಒಂದು ಬ್ಯಾಂಡಿನೊಳಗೆ ಸಿಗ್ನಲ್ ಓಡುವ ಓಣಿ) ಬದಲಿಸುವ ಅವಕಾಶವಿದ್ದರೆ 2.4ಕ್ಕೆ 1, 6, 11ರಲ್ಲಿ ಅಕ್ಕಪಕ್ಕದವರು ಕಡಿಮೆ ಬಳಸುತ್ತಿರುವುದನ್ನು ಹಾಕಿ, ಅಗಲ 20 ಮೆಗಾಹರ್ಟ್ಸ್ ಇರಲಿ. 5ಕ್ಕೆ 36ರಿಂದ 48, ಅಥವಾ 149ರಿಂದ 161. ನಡುವಿನ 52ರಿಂದ 144ರ ಚಾನೆಲ್‌ಗಳನ್ನು ರಾಡಾರ್ ಜೊತೆ ಹಂಚಿಕೊಳ್ಳಬೇಕು. ರಾಡಾರ್ ಸುಳಿವು ಸಿಕ್ಕಿತೆಂದರೆ ಯೂನಿಟ್ ತಕ್ಷಣ ಚಾನೆಲ್ ಬಿಟ್ಟುಕೊಡುವುದು ನಿಯಮ, ಆಗ ಮನೆಯ ವೈಫೈ ಸ್ವಲ್ಪ ಹೊತ್ತು ಮಾಯವಾಗಬಹುದು.

ದಸರಾ ಹತ್ತಿರ ಬಂದಾಗ ನೆಂಟರಿಷ್ಟರು ಬಂದಿಳಿಯುತ್ತಾರೆ, ಹತ್ತು ಹದಿನೈದು ಫೋನು ಒಮ್ಮೆಲೇ ಸೇರುತ್ತವೆ. ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಅದರ ಪಾಸ್‌ವರ್ಡನ್ನು ಬಾಗಿಲ ಹಿಂದೆ ಬರೆದು ಅಂಟಿಸಿ. ಮನೆಯ ಕ್ಯಾಮೆರಾ, ಪ್ರಿಂಟರ್ ಇರುವ ನೆಟ್‌ವರ್ಕಿನ ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ. ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿದ್ದರೆ ಗೆಸ್ಟ್‌ನಲ್ಲಿರುವ ಫೋನಿಗೆ ನಿಮ್ಮ ಪ್ರಿಂಟರ್ ಕಾಣುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ.

ಹಂತ 9: ಕರೆಂಟ್ ಹೋದಾಗ

ಮೋಡೆಮ್ ಮತ್ತು ಎಲ್ಲ ಯೂನಿಟ್‌ಗಳಿಗೂ ಬ್ಯಾಕಪ್ ಬೇಕು, ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಇದ್ದೂ ಇಲ್ಲದಂತೆ. ಇನ್ವರ್ಟರ್ ಇರುವ ಬಹುತೇಕ ಮನೆಗಳಲ್ಲಿ ಫ್ರಿಜ್, ಗೀಸರ್‌ಗೆಂದು ಹಾಕಿಸಿದ 15 ಆಂಪ್ ಪಾಯಿಂಟ್‌ಗಳಿಗೆ ಅದರ ಲೈನ್ ಇರುವುದಿಲ್ಲ. ಮೇನ್ ಆಫ್ ಮಾಡಿ, ನೀವು ಯೂನಿಟ್‌ಗೆಂದು ಆಯ್ದುಕೊಂಡ ಸಾಕೆಟ್‌ನಲ್ಲಿ ಕರೆಂಟ್ ಉಳಿಯುತ್ತದೆಯೇ ನೋಡಿ.

ಇನ್ವರ್ಟರ್ ಇಲ್ಲದಿದ್ದರೆ ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಸಾಕು. ಕೊಳ್ಳುವ ಮುನ್ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪ್ ನೋಡಿ. ಹೆಚ್ಚಿನವು 12 ವೋಲ್ಟ್, ಎಲ್ಲವೂ ಅಲ್ಲ. ವೋಲ್ಟ್ ಸರಿಯಾಗಿ ಹೊಂದಲೇಬೇಕು. ಯುಪಿಎಸ್‌ನ ಆಂಪ್ ಅಡಾಪ್ಟರ್‌ನಷ್ಟಾದರೂ ಇರಬೇಕು, ಹೆಚ್ಚಿದ್ದರೆ ತೊಂದರೆಯಿಲ್ಲ.

ಹಂತ 10: ನಡೆದು ನೋಡಿ

ಎರಡನೇ ಹಂತದ ಹಾಳೆ ತೆಗೆದು ಅದೇ ಜಾಗಗಳಲ್ಲಿ ಮತ್ತೆ ಅಂಕಿ ಬರೆಯಿರಿ. ಆಮೇಲೆ ಒಂದು ವಾಟ್ಸಾಪ್ ವಿಡಿಯೋ ಕಾಲ್ ಹಚ್ಚಿ, ಗೇಟಿನಿಂದ ಹಾಲ್, ಅಡುಗೆಮನೆ, ಮೆಟ್ಟಿಲು, ಮಹಡಿಯವರೆಗೆ ಮಾತಾಡುತ್ತಾ ನಡೆಯಿರಿ. ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ದಾಟುವಾಗ ಅರೆಕ್ಷಣ ತಡವರಿಸಿದರೆ ಸಹಜ. ಕಾಲ್ ಕಟ್ ಆದರೆ ಆ್ಯಪ್‌ನಲ್ಲಿ ಫಾಸ್ಟ್ ರೋಮಿಂಗ್ ಆನ್ ಇದೆಯೇ ನೋಡಿ. ಆನ್ ಮಾಡಿದ ಮೇಲೆ ಹಳೆಯ ಫೋನು, ಟ್ಯಾಬ್ ಯಾವುದಾದರೂ ಕನೆಕ್ಟ್ ಆಗಲು ನಿರಾಕರಿಸಿದರೆ ಮತ್ತೆ ಆಫ್ ಮಾಡಿ.

ಈ ಸೂಚನೆಗಳು ಕಂಡರೆ

ಫೋನಿನಲ್ಲಿ ಫುಲ್ ಗೆರೆ, ನೆಟ್ ಮಾತ್ರ ಆಮೆಯ ನಡಿಗೆ: ಯೂನಿಟ್‌ಗಳ ನಡುವಿನ ಸಿಗ್ನಲ್ ಕೆಟ್ಟಿದೆ. ಆರನೇ ಹಂತಕ್ಕೆ ಹಿಂತಿರುಗಿ.

ಮುಖ್ಯ ಯೂನಿಟ್ ಪಕ್ಕದಲ್ಲೇ ನಿಂತರೂ ನಿಧಾನ, ಕೇಬಲ್‌ನಲ್ಲೂ ನಿಧಾನ: ಒಂದನೇ ಹಂತ. ಮೋಡೆಮ್‌ನಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಫೈಬರ್ ಎಲ್ಲೋ ಕಡಿದಿದೆ ಅಥವಾ ಮಡಚಿದೆ. ನಿಮ್ಮ ಕೈಯಲ್ಲಿ ಆಗುವುದು ಏನೂ ಇಲ್ಲ, ಕಂಪನಿಗೆ ಹೇಳಿ.

ಎರಡನೇ ಯೂನಿಟ್ ದಿನಕ್ಕೆ ಹತ್ತು ಸಲ ಕೆಂಪಾಗುತ್ತಿದೆ: ಜಾಗ ದೂರವಾಗಿರಬಹುದು, ಇಲ್ಲವೇ ಅಡಾಪ್ಟರ್ ಅದಲುಬದಲಾಗಿರಬಹುದು. ನೋಡಲು ಒಂದೇ ಥರ ಇರುವ ಅಡಾಪ್ಟರ್‌ಗಳಲ್ಲಿ ಆಂಪ್ ಬೇರೆ ಇರುತ್ತದೆ. ಗೆಳೆಯನ ಮಂಡ್ಯದ ಮನೆಯಲ್ಲಿ ಸೆಟ್ ಟಾಪ್ ಬಾಕ್ಸ್‌ನ ಅಡಾಪ್ಟರ್ ಮೆಶ್‌ಗೆ ಚುಚ್ಚಿದ್ದು ಪತ್ತೆಯಾಗಲು ಒಂದು ವಾರ ಹಿಡಿಯಿತು.

ಯೂನಿಟ್ ಕೈ ಇಡಲಾಗದಷ್ಟು ಸುಡುತ್ತಿದೆ: ಬೆಚ್ಚಗಿರುವುದು ಸಹಜ, ಸುಡುವುದಲ್ಲ. ಸುತ್ತ ಒಂದು ಗೇಣು ಜಾಗ ಬಿಡಿ, ಮೇಲೆ ಹೊದಿಸಿದ ಕ್ರೋಷಾ ಬಟ್ಟೆ ತೆಗೆಯಿರಿ. ಆದರೂ ಸುಡುತ್ತಿದ್ದರೆ ಸ್ವಿಚ್ ಆರಿಸಿ, ವಾರಂಟಿ ಕಾರ್ಡ್ ಹುಡುಕಿ.

ಎಲ್ಲ ಸರಿಯಿದ್ದು ಒಂದು ದಿನ ಇದ್ದಕ್ಕಿದ್ದಂತೆ ಒಂದು ರೂಮಿನಲ್ಲಿ ಮಾತ್ರ ಕೆಟ್ಟಿತೆಂದರೆ ಸೆಟ್ಟಿಂಗ್ ಮುಟ್ಟುವ ಮೊದಲು ಮನೆಯಲ್ಲಿ ಏನು ಸರಿಸಿದ್ದೀರಿ ನೋಡಿ. ಹೊಸ ಬೀರು ಬಂತೇ, ಫ್ರಿಜ್ ಜಾಗ ಬದಲಾಯಿತೇ, ಗುಡಿಸುವಾಗ ಯಾರಾದರೂ ಯೂನಿಟ್ಟನ್ನು ಶೆಲ್ಫಿನಿಂದ ಇಳಿಸಿ ಟಿ.ವಿ. ಹಿಂದೆ ಇಟ್ಟರೇ? ಎರಡನೇ ಹಂತದ ಹಾಳೆಯನ್ನು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿಟ್ಟಿದ್ದರೆ ಹೋಲಿಸಿ ನೋಡಲು ಐದು ನಿಮಿಷ ಸಾಕು.